ಹೈಬ್ರಿಡ್ ಕಾರಿನ ಮೀಟರ್ ತೋರಿಸುವ ನೂರು ಎಷ್ಟು ನಿಜ?

ಮ್ಯಾನುಯಲ್ ಗೇರಿನ ಡೀಸೆಲ್ ಕಾರನ್ನು ಹತ್ತು ವರ್ಷ ಓಡಿಸಿದವರಿಗೆ ಸ್ಪೀಡೋಮೀಟರ್ ಅಷ್ಟೇನೂ ಬೇಕಾಗುವುದಿಲ್ಲ. ಐದನೇ ಗೇರಿನಲ್ಲಿ ಎಂಜಿನ್ ಯಾವ ಶ್ರುತಿಗೆ ಬಂದರೆ ಎಂಬತ್ತು, ಯಾವುದಕ್ಕೆ ನೂರು ಎಂದು ಕಿವಿಗೇ ಗೊತ್ತು. ಅದೇ ಮನುಷ್ಯ ಪೆಟ್ರೋಲ್ ಎಂಜಿನ್, ಕರೆಂಟ್ ಮೋಟರ್ ಎರಡೂ ಇರುವ ಹೈಬ್ರಿಡ್ ಕಾರಿಗೆ ಬದಲಾಯಿಸಿ ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೊರಟರೆ ಈ ಲೆಕ್ಕ ಪೂರ್ತಿ ಕೈಕೊಡುತ್ತದೆ. ಅರವತ್ತರಲ್ಲಿ ಎಂಜಿನ್ ಆಫ್ ಆಗಿ ಟೈರಿನ ಸದ್ದು ಮಾತ್ರ ಕೇಳಿಸುತ್ತಿರಬಹುದು. ಶಿರಾಡಿಯಲ್ಲಿ ಲಾರಿ ಹಿಂದೆ ಹಾಕಲು ಕಾಲು ಒತ್ತಿದರೆ ನಲವತ್ತರಲ್ಲೇ ಎಂಜಿನ್ ಅರಚಿಕೊಳ್ಳುತ್ತದೆ. ಕಿವಿಯನ್ನು ನಂಬುವಂತಿಲ್ಲ ಎಂದ ಮೇಲೆ ಉಳಿಯುವುದು ಮೀಟರ್. ಆ ಮೀಟರ್ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವಂತೆ ಕಂಪನಿಯವರೇ ಬೇಕೆಂದು ಮಾಡಿಟ್ಟಿರುತ್ತಾರೆ. ಎಷ್ಟು ಹೆಚ್ಚು ಎಂಬುದು ಕಾರಿನಿಂದ ಕಾರಿಗೆ ಬೇರೆ. ನಿಮ್ಮ ಕಾರಿನದು ಎಷ್ಟು ಎಂದು ಅರ್ಧ ಗಂಟೆಯಲ್ಲಿ ಅಳೆದುಕೊಳ್ಳಬಹುದು.

ಮೊದಲು ಎಂಜಿನ್ ಸದ್ದಿಗೂ ವೇಗಕ್ಕೂ ಸಂಬಂಧ ಯಾಕೆ ತಪ್ಪಿತು ಎಂದು ನೋಡೋಣ. ಟೊಯೋಟಾ ಹೈಬ್ರಿಡ್‌ಗಳಲ್ಲಿ, ಅಂದರೆ ಹೈರೈಡರ್, ಹೈಕ್ರಾಸ್, ಅದೇ ಯಂತ್ರದ ಮಾರುತಿ ಗ್ರ್ಯಾಂಡ್ ವಿಟಾರಾ, ಇನ್ವಿಕ್ಟೋಗಳಲ್ಲಿ, ನಾವು ತಿಳಿದಂಥ ಗೇರ್‌ಬಾಕ್ಸ್ ಇಲ್ಲ. ನಡುವೆ ಒಂದು ಗ್ರಹಗಳ ಗೇರ್ ಜೋಡಣೆ ಇದೆ. ನಡುವಿನ ಸೂರ್ಯ ಗೇರಿಗೆ ಜನರೇಟರ್, ಹೊರಗಿನ ಬಳೆ ಗೇರಿಗೆ ಚಕ್ರ ಮತ್ತು ದೊಡ್ಡ ಮೋಟರ್, ಇವೆರಡರ ನಡುವೆ ಸುತ್ತುವ ಗ್ರಹ ಗೇರುಗಳ ಚೌಕಟ್ಟಿಗೆ ಪೆಟ್ರೋಲ್ ಎಂಜಿನ್. ಟೊಯೋಟಾದ ಹಳೆಯ ಹೈಬ್ರಿಡ್ ಕಾರು ಪ್ರಿಯಸ್‌ನಲ್ಲಿ ಸೂರ್ಯನಿಗೆ 30 ಹಲ್ಲು, ಬಳೆಗೆ 78. ಹಾಗಾಗಿ ಎಂಜಿನ್ ಸುತ್ತನ್ನು 3.6ರಿಂದ ಗುಣಿಸಿ, ಅದರಿಂದ ಬಳೆಯ ಸುತ್ತಿನ 2.6 ಪಟ್ಟು ಕಳೆದರೆ ಜನರೇಟರಿನ ಸುತ್ತು ಸಿಗುತ್ತದೆ. ಮೂರರಲ್ಲಿ ಎರಡು ಗೊತ್ತಾದರೆ ಮಾತ್ರ ಮೂರನೆಯದು ಗೊತ್ತಾಗುವ ಲೆಕ್ಕ ಇದು. ಜನರೇಟರನ್ನು ಎಷ್ಟು ಸುತ್ತಿಸಬೇಕು ಎಂದು ಕಂಪ್ಯೂಟರ್ ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತಿರುತ್ತದೆ. ಆದ್ದರಿಂದ ಒಂದೇ ವೇಗದಲ್ಲಿ ಎಂಜಿನ್ ಸೊನ್ನೆಯೂ ಇರಬಹುದು, ನಾಲ್ಕೂವರೆ ಸಾವಿರವೂ ಇರಬಹುದು. ಈ ಕಾರುಗಳಲ್ಲಿ ಎಂಜಿನ್ ಸುತ್ತಿನ ಮುಳ್ಳಿನ ಬದಲು ಚಾರ್ಜ್, ಇಕೋ, ಪವರ್ ಎಂದು ಬರೆದ ಮೀಟರ್ ಇಟ್ಟಿರುವುದು ಇದಕ್ಕೇ. ಸುತ್ತಿನ ಮುಳ್ಳು ಇಟ್ಟಿದ್ದರೂ ಅದರಿಂದ ವೇಗದ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ.

ಹೋಂಡಾ ಸಿಟಿ ಹೈಬ್ರಿಡ್‌ನ ದಾರಿ ಬೇರೆ. ಅಲ್ಲಿ ಹೆಚ್ಚು ಹೊತ್ತು ಚಕ್ರ ತಿರುಗಿಸುವುದು ಮೋಟರ್, ಎಂಜಿನ್ನಿನ ಕೆಲಸ ಕರೆಂಟ್ ಮಾಡುವುದು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ ಮಾತ್ರ ಒಂದು ಕ್ಲಚ್ ಕೂಡಿಕೊಂಡು ಎಂಜಿನ್ ನೇರ ಚಕ್ರಕ್ಕೆ ಸೇರುತ್ತದೆ, ಅದೂ ಒಂದೇ ಗೇರಿನಲ್ಲಿ. ಆ ಹೊತ್ತಿಗೆ ಕಿವಿಯ ಲೆಕ್ಕ ಮತ್ತೆ ಸರಿಹೋಗುತ್ತದೆ. ಕ್ಲಚ್ ಬಿಟ್ಟ ಕೂಡಲೇ ಹಳೇ ಕಥೆ.

ಘಾಟಿ ಇಳಿಯುವಾಗ ಕಿವಿಗೆ ಇನ್ನೂ ದೊಡ್ಡ ಮೋಸ. ಲೆಕ್ಕ ಹಾಕಿ ನೋಡಿ: ಜನರೂ ಸೇರಿ 1,500 ಕಿಲೋ ತೂಗುವ ಕಾರು ಎತ್ತರದಲ್ಲಿ 700 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2.9 ಯೂನಿಟ್. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಹೈಬ್ರಿಡ್ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 0.76 ಯೂನಿಟ್. ಟೈರಿನ ಘರ್ಷಣೆ, ಗಾಳಿಯ ತಡೆ ಎಲ್ಲ ಕಳೆದರೂ ಸಕಲೇಶಪುರದ ಕಡೆಯಿಂದ ಗುಂಡ್ಯಕ್ಕೆ ಇಳಿಯುವಾಗ ಅರ್ಧ ದಾರಿಗೆ ಮೊದಲೇ ಬ್ಯಾಟರಿ ತುಂಬುತ್ತದೆ. ತುಂಬಿದ ಮೇಲೆ ಕರೆಂಟ್ ಹಾಕುವ ಜಾಗ ಇಲ್ಲ. ಆಗ ಕಾರು ಪೆಟ್ರೋಲ್ ಹಾಕದೆಯೇ ಎಂಜಿನ್ನನ್ನು ಗಿರಗಿರನೆ ತಿರುಗಿಸಿ ಹೆಚ್ಚಾದ ಶಕ್ತಿಯನ್ನು ಸುಡುತ್ತದೆ. ಶಿಫ್ಟರಿನಲ್ಲಿ 'ಬಿ', ಅಂದರೆ ಇಳಿಜಾರಿನಲ್ಲಿ ಕಾರನ್ನು ಹಿಡಿದಿಡುವ ಸ್ಥಾನ, ಹಾಕಿದ್ದರೆ ಈ ಸದ್ದು ಇನ್ನೂ ಬೇಗ ಶುರುವಾಗುತ್ತದೆ. ಕಾರು ನಿಧಾನ ಆಗುತ್ತಿದೆ, ಸದ್ದು ಏರುತ್ತಿದೆ. ಹೊಸಬರು ಗಾಬರಿಯಾಗಿ 'ಬಿ' ತೆಗೆದು 'ಡಿ'ಗೆ ಹಾಕುತ್ತಾರೆ, ಇಳಿಜಾರಿನಲ್ಲಿ ಕಾರು ಇನ್ನಷ್ಟು ಓಡುತ್ತದೆ, ಆಮೇಲೆ ಬ್ರೇಕ್ ಬಿಸಿಯೇರುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ, ಮುಳ್ಳಯ್ಯನಗಿರಿಯಿಂದ ಇಳಿಯುವಾಗ ಈ ತಪ್ಪು ಮಾಡಬೇಡಿ. ಸದ್ದು ಎಷ್ಟೇ ಆಗಲಿ, 'ಬಿ'ಯಲ್ಲೇ ಇರಲಿ. ಎಂಜಿನ್ನಿಗೆ ಏನೂ ಆಗುವುದಿಲ್ಲ.

ಇನ್ನು ಟಾಪ್ ಸ್ಪೀಡ್. ಯೂಟ್ಯೂಬಿನಲ್ಲಿ ಮೀಟರಿನ ಫೋಟೋ ಹಿಡಿದು ಇಷ್ಟು ಹೋಯಿತು ಅಷ್ಟು ಹೋಯಿತು ಎನ್ನುವವರು ಎರಡು ಸಂಗತಿ ಬಿಟ್ಟಿರುತ್ತಾರೆ. ಒಂದು, ಅದು ಮೀಟರ್ ಹೇಳಿದ ವೇಗ, ನಿಜ ವೇಗ ಅಲ್ಲ. ಇನ್ನೊಂದು, ಹೈಬ್ರಿಡ್‌ನಲ್ಲಿ ಟಾಪ್ ಸ್ಪೀಡ್ ಎಂಬುದು ಎಂಜಿನ್ನಿನ ಶಕ್ತಿ ಮುಗಿದ ಜಾಗವೇ ಆಗಿರಬೇಕೆಂದಿಲ್ಲ. ದೊಡ್ಡ ಮೋಟರ್ ಯಾವಾಗಲೂ ಚಕ್ರಕ್ಕೆ ಕಟ್ಟಿಕೊಂಡೇ ಇರುತ್ತದೆ, ಅದಕ್ಕೆ ನ್ಯೂಟ್ರಲ್ ಇಲ್ಲ, ಮೇಲಿನ ಗೇರ್ ಇಲ್ಲ. ಎರಡನೇ ತಲೆಮಾರಿನ ಪ್ರಿಯಸ್ ತೆಗೆದುಕೊಳ್ಳಿ: ಮೋಟರಿಗೂ ಚಕ್ರಕ್ಕೂ ನಡುವಿನ ಗೇರ್ ಅನುಪಾತ 4.113, ಟೈರ್ 185/65 ಆರ್ 15, ಕಂಪನಿ ಕೊಟ್ಟ ಗರಿಷ್ಠ ವೇಗ 170 ಕಿಲೋಮೀಟರ್. ಆ ವೇಗದಲ್ಲಿ ಚಕ್ರ ನಿಮಿಷಕ್ಕೆ 1,500ರಷ್ಟು ಸುತ್ತುತ್ತದೆ, ಮೋಟರ್ ಸುಮಾರು 6,100. ಅದರಾಚೆಗೆ ಮೋಟರಿನೊಳಗೆ ತಿರುಗುವ ರೋಟರಿನ ಮೇಲೆ ಬೀಳುವ ಎಳೆತ, ಮೋಟರ್ ತಾನೇ ಹುಟ್ಟಿಸುವ ವಿರುದ್ಧ ವೋಲ್ಟೇಜ್ ಎರಡೂ ಅಡ್ಡ ಬರುತ್ತವೆ. ಮೂರನೇ ತಲೆಮಾರಿನಲ್ಲಿ ಮೋಟರಿಗೆ ಬೇರೆಯೇ ಇಳಿಕೆ ಗೇರ್ ಕೊಟ್ಟು 13,500 ಸುತ್ತಿನವರೆಗೆ ಓಡುವ ಮೋಟರ್ ಹಾಕಿದರು, ಗರಿಷ್ಠ ವೇಗ 180 ಆಯಿತು. ನಮ್ಮ ಹೈರೈಡರ್ ವರ್ಗದ ಶಕ್ತಿಯೇ ಇರುವ ಯುರೋಪಿನ ಯಾರಿಸ್ ಕ್ರಾಸ್ ಹೈಬ್ರಿಡ್‌ಗೆ ಕಂಪನಿ ಬರೆದಿರುವುದು 170.

ಜಾಹೀರಾತಿನ ಒಟ್ಟು ಶಕ್ತಿಯನ್ನು ನೋಡಿ ಲೆಕ್ಕ ಹಾಕುವವರಿಗೂ ಇಲ್ಲಿ ನಿರಾಸೆ ಕಾದಿದೆ. ಹೈರೈಡರ್ ಹೈಬ್ರಿಡ್‌ನ ಎಂಜಿನ್ 92 ಪಿಎಸ್ (ಅಶ್ವಶಕ್ತಿ), ಒಟ್ಟು ಸುಮಾರು 116 ಪಿಎಸ್. ನಡುವಿನ 24 ಪಿಎಸ್, ಅಂದರೆ 17–18 ಕಿಲೋವಾಟ್, ಬ್ಯಾಟರಿಯಿಂದ ಬರಬೇಕು. ಬ್ಯಾಟರಿಯ ಅರ್ಧದಷ್ಟನ್ನು ಖರ್ಚು ಮಾಡಲು ಬಿಟ್ಟರೂ ಅದು ಒಂದೂಕಾಲು ನಿಮಿಷಕ್ಕೆ ಖಾಲಿ. ಆಮೇಲೆ ಉಳಿಯುವುದು ಎಂಜಿನ್ ಒಂದೇ. ಓವರ್‌ಟೇಕ್ ಮಾಡಲು ಈ ಒಂದೂಕಾಲು ನಿಮಿಷ ಧಾರಾಳ ಸಾಕು, ಅದಕ್ಕೇ ಇಟ್ಟಿರುವುದು. ಗರಿಷ್ಠ ವೇಗ ಹಿಡಿದಿಟ್ಟುಕೊಳ್ಳಲು ಸಾಲದು. ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಇಂಥ ಎತ್ತರದ ಕಾರಿಗೆ ನೂರರಲ್ಲಿ ಗಾಳಿ, ಟೈರ್ ಎರಡೂ ಸೇರಿ 13–14 ಕಿಲೋವಾಟ್ ಸಾಕು, 160ಕ್ಕೆ 45 ಬೇಕು. ನೂರರಲ್ಲಿ ಅಷ್ಟು ಸಲೀಸಾಗಿ ತೇಲುವ ಕಾರು ನೂರೈವತ್ತು ದಾಟಿದ ಮೇಲೆ ಏದುಸಿರು ಬಿಡುವುದು ಇದರಿಂದ.

ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಇನ್ನೂ ನೂರು ಮೀಟರ್ ಮೇಲೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇ 9–10ರಷ್ಟು ತೆಳು. ಟರ್ಬೋ ಇಲ್ಲದ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ, ಇಲ್ಲಿ ಹೇಳಿದ ಹೈಬ್ರಿಡ್‌ಗಳಲ್ಲಿ ಇರುವುದೆಲ್ಲ ಟರ್ಬೋ ಇಲ್ಲದ ಎಂಜಿನ್ನೇ. ಆದರೆ ಕಾರನ್ನು ತಡೆಯುವ ಗಾಳಿಯೂ ಅಷ್ಟೇ ತೆಳು. ಸಮತಟ್ಟು ರಸ್ತೆಯಲ್ಲಿ ಎಂಜಿನ್ ಕಳೆದುಕೊಂಡಷ್ಟನ್ನು ಗಾಳಿ ಬಹುಪಾಲು ಹಿಂದಕ್ಕೆ ಕೊಡುವುದರಿಂದ ಟಾಪ್ ಸ್ಪೀಡ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರುವುದಿಲ್ಲ. ಏರು ಹತ್ತುವಾಗ ಮಾತ್ರ ಈ ರಿಯಾಯಿತಿ ಇಲ್ಲ, ಭೂಮಿಯ ಸೆಳೆತ ತೆಳುವಾಗುವುದಿಲ್ಲವಲ್ಲ. ಬಾಬಾ ಬುಡನ್‌ಗಿರಿ ಹತ್ತುವಾಗ ಕಾರು ಸುಸ್ತಾದಂತೆ ಅನಿಸಿದರೆ ಕಾರಣ ಅದು. ಮೋಟರಿಗೆ ಎತ್ತರದ ಪರಿವೆ ಇಲ್ಲ, ಬ್ಯಾಟರಿಯಲ್ಲಿ ಇರುವವರೆಗೆ ಅದು ಪೂರ್ತಿ ಕೊಡುತ್ತದೆ.

ಮೀಟರಿಗೆ ಬರೋಣ. ಈಗಿನ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಬರುವ ತಂತಿ ಕೇಬಲ್ ಇಲ್ಲ. ಪ್ರತಿ ಚಕ್ರದ ಹತ್ತಿರ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಸೆನ್ಸರ್ ಕೂತಿರುತ್ತದೆ. ಚಕ್ರದ ಜೊತೆ ತಿರುಗುವ ಹಲ್ಲಿನ ಬಳೆಯನ್ನೋ, ಬೇರಿಂಗಿನ ಮುಖಕ್ಕೆ ಅಂಟಿಸಿದ ಕಾಂತದ ಪಟ್ಟಿಯನ್ನೋ ಅದು ಎಣಿಸುತ್ತದೆ. ಒಂದು ಸುತ್ತಿಗೆ 48 ಎಣಿಕೆ ಸಾಮಾನ್ಯ. ಬ್ರೇಕ್ ಕಂಪ್ಯೂಟರ್ ಆ ಎಣಿಕೆಯಿಂದ ವೇಗ ಲೆಕ್ಕ ಹಾಕಿ ಕಾರಿನೊಳಗಿನ ಸಂದೇಶದ ತಂತಿಗೆ ಬಿಡುತ್ತದೆ. ಮೀಟರ್ ಅದನ್ನು ತೆಗೆದುಕೊಂಡು, ತನ್ನ ಪಾಲಿನ ಸ್ವಲ್ಪ ಸೇರಿಸಿ ತೋರಿಸುತ್ತದೆ. ಈ ಸೇರಿಸುವುದು ತಪ್ಪಲ್ಲ, ನಿಯಮ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ಯಾವ ಕಾರಣಕ್ಕೂ ನಿಜ ವೇಗಕ್ಕಿಂತ ಕಡಿಮೆ ತೋರಿಸಕೂಡದು. ಹೆಚ್ಚು ತೋರಿಸುವುದಾದರೆ ನಿಜ ವೇಗದ ಹತ್ತನೇ ಒಂದು ಪಾಲು ಮತ್ತು ಅದರ ಮೇಲೆ 4 ಕಿಲೋಮೀಟರ್‌ವರೆಗೆ ಅವಕಾಶ. ಅಂದರೆ ನಿಜ 40ಕ್ಕೆ 48ರವರೆಗೆ, 80ಕ್ಕೆ 92ರವರೆಗೆ, 120ಕ್ಕೆ 136ರವರೆಗೆ ತೋರಿಸಬಹುದು. ಯಾರೂ ಅಷ್ಟು ದೂರ ಹೋಗುವುದಿಲ್ಲ. ಕಡಿಮೆ ತೋರಿಸಿದರೆ ಶಿಕ್ಷೆ, ಹೆಚ್ಚು ತೋರಿಸಿದರೆ ಪರವಾಗಿಲ್ಲ ಎಂದಾಗ ಯಾವ ಕಂಪನಿಯಾದರೂ ಹೆಚ್ಚಿನ ಕಡೆಗೇ ವಾಲುತ್ತದೆ. ಹೊಸ ಟೈರ್, ಸವೆದ ಟೈರ್ ಎರಡರಲ್ಲೂ ನಿಯಮ ಮುರಿಯಬಾರದಲ್ಲ.

ಆದ್ದರಿಂದ ಹೊಸ ಕಾರು ತಂದವರು ಮೀಟರ್ ಮೂರ್ನಾಲ್ಕು ಹೆಚ್ಚು ತೋರಿಸುತ್ತದೆ, ಸರ್ವೀಸಿಗೆ ಹೇಳಬೇಕು ಎಂದು ಹೊರಟರೆ ಸಮಯ ದಂಡ. ಸೆನ್ಸರ್ ಕೆಟ್ಟಿದೆ, ಬದಲಾಯಿಸೋಣ ಎಂದು ಯಾರಾದರೂ ಹೇಳಿದರಂತೂ ಒಪ್ಪಲೇಬೇಡಿ. ಎಣಿಸುವ ಸೆನ್ಸರ್ ಎಣಿಸುತ್ತದೆ ಇಲ್ಲವೇ ಎಣಿಸುವುದಿಲ್ಲ. ಅದು ಕೆಟ್ಟರೆ ಮುಳ್ಳು ಕುಣಿಯುತ್ತದೆ, ಸೊನ್ನೆಗೆ ಬೀಳುತ್ತದೆ, ಎಬಿಎಸ್ ದೀಪ ಹತ್ತುತ್ತದೆ. ಎಲ್ಲ ವೇಗದಲ್ಲೂ ಅಚ್ಚುಕಟ್ಟಾಗಿ ಶೇ 5 ಹೆಚ್ಚು ತೋರಿಸುವ ಕಾಯಿಲೆ ಸೆನ್ಸರಿಗೆ ಬರುವುದಿಲ್ಲ.

ಅಳೆಯುವುದು ಹೇಗೆ? ಕೈಯಲ್ಲಿರುವ ಫೋನೇ ಸಾಕು. ಜಿಪಿಎಸ್ ವೇಗವನ್ನು ಎರಡು ಜಾಗಗಳ ನಡುವಿನ ದೂರ ಭಾಗಿಸಿ ಹೇಳುತ್ತದೆ ಎಂದು ಹಲವರ ನಂಬಿಕೆ. ಚಿಪ್ ಮಾಡುವ ಕೆಲಸ ಅದಕ್ಕಿಂತ ಜಾಣತನದ್ದು. ಬಸ್ಸು ಹಾರ್ನ್ ಮಾಡುತ್ತಾ ನಮ್ಮ ಕಡೆ ಬರುವಾಗ ಸದ್ದು ಚೂಪಾಗಿ, ದಾಟಿ ಹೋದ ಮೇಲೆ ದಪ್ಪಗಾಗಿ ಕೇಳುತ್ತದಲ್ಲ, ಉಪಗ್ರಹದ ರೇಡಿಯೋ ತರಂಗದಲ್ಲೂ ಅದೇ ಬದಲಾವಣೆ ಆಗುತ್ತದೆ. ಅದನ್ನು ಅಳೆದು ನೇರ ವೇಗ ತೆಗೆಯುತ್ತಾರೆ. ಆಕಾಶ ತೆರೆದಿದ್ದು, ಕಾರು ಒಂದೇ ವೇಗದಲ್ಲಿ ಓಡುತ್ತಿದ್ದರೆ ಈ ಅಳತೆಯ ತಪ್ಪು ಗಂಟೆಗೆ ಒಂದು ಕಿಲೋಮೀಟರಿನೊಳಗೇ. ಅಂದಹಾಗೆ, ಜಿಪಿಎಸ್‌ನಂಥದೇ ನಮ್ಮ ದೇಶದ ನಾವಿಕ್ ಉಪಗ್ರಹಗಳನ್ನು ಅಂಕೆಯಲ್ಲಿಡುವ ಕೇಂದ್ರಗಳಲ್ಲಿ ಒಂದು ಹಾಸನದ ಸಾಲಗಾಮೆ ರಸ್ತೆಯಲ್ಲೇ ಇದೆ. 1982ರಿಂದ ಇರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಅದು. ನಾವಿಕ್ ಹಿಡಿಯುವ ಚಿಪ್ ನಿಮ್ಮ ಫೋನಿನಲ್ಲಿದ್ದರೆ ಮೀಟರಿನ ಸುಳ್ಳು ಹಿಡಿಯಲು ಊರಿನ ಸಾಕ್ಷಿಯೂ ಇದ್ದಂತಾಯಿತು.

ಟೈರಿನ ಗಾಳಿಯನ್ನು ಬೆಳಿಗ್ಗೆ ಕಾರು ತಣ್ಣಗಿರುವಾಗ, ಚಾಲಕನ ಬಾಗಿಲಿನ ಕಂಬದ ಮೇಲಿನ ಸ್ಟಿಕರಿನಲ್ಲಿ ಬರೆದಷ್ಟಕ್ಕೆ ಸರಿಮಾಡಿ. ಹತ್ತು ಹದಿನೈದು ನಿಮಿಷ ಓಡಿಸಿ ಟೈರ್ ಬೆಚ್ಚಗಾಗಲಿ. ಫೋನನ್ನು ಮುಂದಿನ ಗಾಜಿನ ಹತ್ತಿರ ಆಕಾಶ ಕಾಣುವಂತೆ ಸಿಕ್ಕಿಸಿ, ಬ್ಯಾಟರಿ ಉಳಿಸುವ ಆಯ್ಕೆ ಆಫ್ ಮಾಡಿ, ಯಾವುದಾದರೂ ಜಿಪಿಎಸ್ ಸ್ಪೀಡೋಮೀಟರ್ ಆ್ಯಪ್ ತೆರೆಯಿರಿ. ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲಿನಲ್ಲಿ ಮೀಟರಿನ ಲೆಕ್ಕದ 40, 60, 80, 100ಕ್ಕೆ ಕ್ರಮವಾಗಿ ನಿಲ್ಲಿಸಿ. ಕ್ರೂಸ್ ಅಷ್ಟು ಕೆಳಗಿನ ವೇಗ ಹಿಡಿಯದಿದ್ದರೆ 40ನ್ನು ಕಾಲಿನಲ್ಲೇ ಹಿಡಿಯಬೇಕು. ಪ್ರತಿಯೊಂದರಲ್ಲೂ ಅರ್ಧ ನಿಮಿಷ ಇರಬೇಕು, ಫೋನಿನ ಅಂಕಿ ಒಂದೆರಡು ಸೆಕೆಂಡ್ ಹಿಂದೆ ಇರುತ್ತದೆ. ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ, ಓಡಿಸುವವರು ಎರಡು ಅಂಕಿ ಹೋಲಿಸುತ್ತಾ ಕೂರಬಾರದು. ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ ಎಂದು ಕೆಲವರು ಹೇಳುತ್ತಾರೆ. ಅದು ಟಾಪ್ ಸ್ಪೀಡ್ ಪರೀಕ್ಷೆಯ ಪದ್ಧತಿ, ಗಾಳಿ ಮತ್ತು ಇಳಿಜಾರಿನ ಲಾಭ ಕಳೆಯಲು. ಮೀಟರಿನ ತಪ್ಪು ಅಳೆಯಲು ಬೇಕಿಲ್ಲ, ಹಿಂದಿನಿಂದ ಗಾಳಿ ಬೀಸಿದರೂ ಚಕ್ರ ಸುತ್ತಿದಷ್ಟೇ ಸುತ್ತುವುದು.

ಜಾಗ ಆರಿಸುವುದರಲ್ಲಿ ಸ್ವಲ್ಪ ತಲೆ ಓಡಿಸಬೇಕು. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಾಸನ ಮತ್ತು ಚನ್ನರಾಯಪಟ್ಟಣದ ನಡುವಿನ ನಾಲ್ಕು ಪಥ ಹೇಳಿ ಮಾಡಿಸಿದಂತಿದೆ, ಶಾಂತಿಗ್ರಾಮದ ಟೋಲ್ ಆಸುಪಾಸು ಬಿಟ್ಟು. ಭಾನುವಾರ ಸಂಜೆ ಬೆಂಗಳೂರಿಗೆ ಮರಳುವವರ ಸಾಲು ಇರುತ್ತದೆ, ಆಗ ಬೇಡ. ನಡುವೆ ವಿಭಜಕ ಇರುವ ಇಂಥ ರಸ್ತೆಗೆ ಕಾರಿನ ಮಿತಿ 100. ಚಿಕ್ಕಮಗಳೂರಿನವರು ಕಡೂರು ರಸ್ತೆಯಲ್ಲಿ ನೋಡಬಹುದು, ಆದರೆ ವಿಭಜಕ ಇಲ್ಲದ ಕಡೆ ಮಿತಿ 70, ಅಲ್ಲಿಗೇ ನಿಲ್ಲಿಸಿ. 40, 50, 60, 70 ನಾಲ್ಕು ಅಂಕಿ ಸಿಕ್ಕರೂ ಲೆಕ್ಕಕ್ಕೆ ಸಾಕು. ಎಸ್ಟೇಟ್ ರಸ್ತೆಗಳಲ್ಲಿ, ಸಿಲ್ವರ್ ಓಕ್ ಸಾಲಿನ ಕೆಳಗೆ, ಘಾಟಿಯ ಗೋಡೆಯ ಪಕ್ಕ ಅಳೆಯಬೇಡಿ. ಎಲೆ, ಬಂಡೆಗಳಿಗೆ ತಾಗಿ ಬರುವ ಸಿಗ್ನಲ್ ಫೋನಿನ ತಲೆ ಕೆಡಿಸುತ್ತದೆ.

ಕಿಲೋಮೀಟರ್ ಕಲ್ಲು ಮತ್ತು ಸ್ಟಾಪ್‌ವಾಚಿನ ಹಳೆಯ ವಿಧಾನವೂ ಇದೆ. 3,600ನ್ನು ಒಂದು ಕಿಲೋಮೀಟರಿಗೆ ಹಿಡಿದ ಸೆಕೆಂಡಿನಿಂದ ಭಾಗಿಸಿದರೆ ವೇಗ. ಬೈಪಾಸು, ಅಗಲೀಕರಣಗಳಲ್ಲಿ ಕಲ್ಲುಗಳೇ ಜಾಗ ಬದಲಿಸಿರುವ ಕಾಲದಲ್ಲಿ ಒಂದೇ ಕಲ್ಲನ್ನು ನಂಬುವಂತಿಲ್ಲ, ಹತ್ತು ಕಿಲೋಮೀಟರ್ ಒಟ್ಟಿಗೆ ಅಳೆಯಬೇಕು. ಮೀಟರ್ 80 ತೋರಿಸುವಾಗ ಹತ್ತು ಕಿಲೋಮೀಟರಿಗೆ 7 ನಿಮಿಷ 30 ಸೆಕೆಂಡ್ ಹಿಡಿದರೆ ಮೀಟರ್ ಸರಿ. 7 ನಿಮಿಷ 54 ಸೆಕೆಂಡ್ ಆದರೆ ನಿಜ ವೇಗ 76.

ಬರೆದುಕೊಂಡ ಅಂಕಿಗಳ ನಡತೆ ನೋಡುವುದು ಇಲ್ಲಿ ಮುಖ್ಯ. ಮೀಟರಿನ 40, 60, 80, 100ಕ್ಕೆ ಫೋನು 38, 57, 76, 95 ತೋರಿಸಿತು ಎಂದುಕೊಳ್ಳಿ. ವೇಗ ಏರಿದಂತೆ ಅಂತರವೂ ಏರಿದೆ, ಎಲ್ಲ ಕಡೆ ಶೇ 5. ಇನ್ನೊಂದು ಕಾರಿನಲ್ಲಿ 37, 57, 77, 97 ಬಂತು. ಅಲ್ಲಿ ಅಂತರ ಎಲ್ಲ ಕಡೆ ಮೂರೇ. ಎರಡನೆಯದು ಮೀಟರಿನ ಸಾಫ್ಟ್‌ವೇರ್ ಕಣ್ಣುಮುಚ್ಚಿ ಸೇರಿಸುವ ಮೊತ್ತ, ಟೈರಿಗೂ ಅದಕ್ಕೂ ಸಂಬಂಧ ಇಲ್ಲ. ಮೊದಲನೆಯದರಲ್ಲಿ ಟೈರಿನ ಸುತ್ತಳತೆಯ ಪಾಲೂ ಇರಬಹುದು. ಬಹಳ ಕಾರುಗಳಲ್ಲಿ ಎರಡೂ ಸ್ವಲ್ಪ ಸ್ವಲ್ಪ ಬೆರೆತಿರುತ್ತವೆ. ಡಿಜಿಟಲ್ ಮೀಟರ್ ಪೂರ್ಣಾಂಕ ಮಾತ್ರ ತೋರಿಸುವುದರಿಂದ ಒಂದರ ಆಚೀಚೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಅನುಮಾನ ಇದ್ದವರು ಸ್ಟೀರಿಂಗ್ ಕೆಳಗೆ ಮೆಕ್ಯಾನಿಕ್ ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ನೋಡಬಹುದು. ಕಾರಿನ ಕಂಪ್ಯೂಟರ್ ಕೊಡುವ ವೇಗ 0ರಿಂದ 255ರವರೆಗಿನ ಒಂದು ಪೂರ್ಣಾಂಕವಾಗಿ ಬರುತ್ತದೆ. ಸಾಮಾನ್ಯವಾಗಿ ಇದು ಮೀಟರಿಗಿಂತ ಕೆಳಗೆ, ಜಿಪಿಎಸ್‌ಗೆ ಹತ್ತಿರ ಇರುತ್ತದೆ. ಕಂಪ್ಯೂಟರಿಗೆ ನಿಜ ಗೊತ್ತಿದೆ, ಮೀಟರ್ ಉಪ್ಪುಖಾರ ಹಚ್ಚುತ್ತಿದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಅಡಾಪ್ಟರನ್ನು ಅಲ್ಲೇ ಬಿಟ್ಟು ವಾರಗಟ್ಟಲೆ ಕಾರು ನಿಲ್ಲಿಸಬೇಡಿ, 12 ವೋಲ್ಟಿನ ಸಣ್ಣ ಬ್ಯಾಟರಿ ಇಳಿಯುತ್ತದೆ. ಹೈಬ್ರಿಡ್ ಎಂಬ ಮಾತ್ರಕ್ಕೆ ಆ ಸಣ್ಣ ಬ್ಯಾಟರಿ ಸತ್ತ ಮೇಲೂ ಕಾರು ಎದ್ದೇಳುತ್ತದೆ ಎಂದುಕೊಳ್ಳಬೇಡಿ.

ಕಿವಿಗೆ ಹೈಬ್ರಿಡ್‌ನಲ್ಲೂ ಉಳಿದಿರುವ ಒಂದೇ ನಂಬಿಕಸ್ಥ ಸದ್ದು ಅಂದರೆ 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದ ವೇಗದ ಬೀಪ್. 80 ದಾಟಿದಾಗ ಬಿಟ್ಟುಬಿಟ್ಟು, 120 ದಾಟಿದರೆ ಎಡೆಬಿಡದೆ. ಎಂಬತ್ತರ ಬೀಪ್ ಹೊಡೆಯುವ ಕ್ಷಣಕ್ಕೆ ಮೀಟರ್ ಎಷ್ಟು, ಫೋನ್ ಎಷ್ಟು ಎಂದು ಒಮ್ಮೆ ಬರೆದಿಟ್ಟುಕೊಳ್ಳಿ. ಆಮೇಲೆ ಮೀಟರ್ ನೋಡದೆಯೂ ಒಂದು ನಿಜ ವೇಗ ನಿಮ್ಮ ಕಿವಿಗೆ ಗೊತ್ತಿರುತ್ತದೆ.

ಟೈರ್ ವಿಷಯದಲ್ಲಿ ಈ ಕಡೆ ಆಗುವಷ್ಟು ಎಡವಟ್ಟು ಬೇರೆಲ್ಲೂ ಆಗಲಿಕ್ಕಿಲ್ಲ. ತೋಟದ ರಸ್ತೆಗೆ ಕಾರು ಸ್ವಲ್ಪ ಎತ್ತರ ಇರಲಿ ಎಂದು ದಪ್ಪ ಟೈರ್ ಹಾಕಿಸುವವರು ಬಹಳ. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಅಳತೆ 215/60 ಆರ್ 17. ಇದರ ವ್ಯಾಸ ತೆಗೆಯುವುದು ಸುಲಭ: 17ನ್ನು 25.4ರಿಂದ ಗುಣಿಸಿ, ಅದಕ್ಕೆ 215ರ ಶೇ 60ನ್ನು ಎರಡು ಸಲ ಸೇರಿಸಿ. 690 ಮಿಲಿಮೀಟರ್ ಬರುತ್ತದೆ. 225/60 ಹಾಕಿದರೆ 702, ಅಂದರೆ ಶೇ 1.7 ಹೆಚ್ಚು. ಮೀಟರಿನ ಹೆಚ್ಚುವರಿಯಲ್ಲಿ ಇದು ಕರಗಿಹೋಗುತ್ತದೆ. 235/65 ಹಾಕಿದರೆ 737, ಶೇ 6.9 ಹೆಚ್ಚು. ಮೊದಲು ಮೀಟರಿನ 100ಕ್ಕೆ ನಿಜ 95 ಇದ್ದ ಕಾರು ಈಗ ಮೀಟರ್ 100 ತೋರಿಸುವಾಗ 101.6ರಲ್ಲಿ ಓಡುತ್ತಿರುತ್ತದೆ. ಮೀಟರ್ ಕಡಿಮೆ ಹೇಳಲು ಶುರುಮಾಡಿತು. ಪೊಲೀಸರ ಲೇಸರ್ ಗನ್ ಅಳೆಯುವುದು ನಿಜ ವೇಗವನ್ನು, ನಿಮ್ಮ ಮೀಟರಿನ ಅಂಕಿಯನ್ನಲ್ಲ. ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನಲ್ಲಿ ಲಘು ವಾಹನಕ್ಕೆ ದಂಡ 1,000ದಿಂದ 2,000 ರೂಪಾಯಿ. ನಮ್ಮ ಮೀಟರಿನಲ್ಲಿ ನೂರೇ ಇತ್ತು ಸಾರ್ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಸಿಟಿ ಹೈಬ್ರಿಡ್‌ನ 185/55 ಆರ್ 16 ಬದಲಿಗೆ 195/55 ಹಾಕಿದರೆ ಶೇ 1.8, 205/55 ಹಾಕಿದರೆ ಶೇ 3.6 ಏರುತ್ತದೆ. ಲೆಕ್ಕದ ಪ್ರಕಾರ ಶೇ 2ರ ಒಳಗೆ ಇದ್ದರೆ ತೊಂದರೆ ಇಲ್ಲ, ಶೇ 3ರ ಮೇಲೆ ಹೋಗಲೇಬಾರದು. ನಾಲ್ಕೂ ಚಕ್ರಕ್ಕೆ ಒಂದೇ ಅಳತೆ ಇರಲಿ. ಎರಡಕ್ಕೆ ಒಂದು ಅಳತೆ, ಇನ್ನೆರಡಕ್ಕೆ ಇನ್ನೊಂದು ಹಾಕಿದರೆ ಚಕ್ರ ಜಾರುತ್ತಿದೆ ಎಂದು ಎಬಿಎಸ್ ಕಂಪ್ಯೂಟರ್ ತಪ್ಪು ತಿಳಿಯುತ್ತದೆ. ಟೈರಿನ ಪಕ್ಕದ ವೇಗದ ಅಕ್ಷರವನ್ನೂ ನೋಡಿ: ಎಸ್ ಅಂದರೆ 180, ಟಿ 190, ಎಚ್ 210, ವಿ 240. ಕಂಪನಿ ಕೊಟ್ಟ ಅಕ್ಷರಕ್ಕಿಂತ ಕೆಳಗಿನದನ್ನು ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಬೇಡಿ.

ಸವೆತದ ಪರಿಣಾಮ ತಲೆಕೆಳಗು. ಹೊಸ ಟೈರಿನ ಗ್ರಿಪ್ ಆಳ ಸುಮಾರು 8 ಮಿಲಿಮೀಟರ್, ಕಾನೂನು ಬಿಡುವ ಕನಿಷ್ಠ 1.6. ಅಷ್ಟು ಸವೆಯುವ ಹೊತ್ತಿಗೆ 690ರ ವ್ಯಾಸದಲ್ಲಿ 12.8 ಮಿಲಿಮೀಟರ್ ಹೋಗಿರುತ್ತದೆ, ಶೇ 1.9. ಸಣ್ಣ ಚಕ್ರ ಹೆಚ್ಚು ಸುತ್ತುವುದರಿಂದ ಮೀಟರ್ ಇನ್ನೂ ಹೆಚ್ಚು ತೋರಿಸುತ್ತದೆ. ಗಾಳಿ ಎರಡು ಮೂರು ಪಾಯಿಂಟ್ ಕಡಿಮೆಯಾದರೆ ವೇಗದ ಲೆಕ್ಕ ಕೆಡುತ್ತದೆ ಎಂಬ ಮಾತಿದೆ. ರೇಡಿಯಲ್ ಟೈರಿನ ಒಳಗಿನ ಉಕ್ಕಿನ ಪಟ್ಟಿಯ ಉದ್ದ ಬದಲಾಗದ ಕಾರಣ ಅದರ ಪರಿಣಾಮ ಶೇ 1ಕ್ಕೂ ಕಡಿಮೆ. ಗಾಳಿ ಕಡಿಮೆಯಾದರೆ ಮೈಲೇಜು ಕೆಡುತ್ತದೆ, ಟೈರ್ ಕೆಡುತ್ತದೆ, ಮೀಟರ್ ಅಲ್ಲ.

ಮೈಲೇಜಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಗ್ರ್ಯಾಂಡ್ ವಿಟಾರಾ, ಹೈರೈಡರ್ ಹೈಬ್ರಿಡ್ ಕೊಂಡವರೆಲ್ಲ ಲೀಟರಿಗೆ 27.97 ಎಂಬ ಪ್ರಮಾಣಪತ್ರದ ಅಂಕಿಯ ಜೊತೆ ತಮ್ಮದನ್ನು ಹೋಲಿಸುತ್ತಲೇ ಇರುತ್ತಾರೆ. ವೇಗಕ್ಕೆ ಸೇರಿಸುವ ಹೆಚ್ಚುವರಿಯನ್ನು ಮೀಟರ್ ಸಾಮಾನ್ಯವಾಗಿ ಓಡಿದ ದೂರಕ್ಕೆ ಸೇರಿಸುವುದಿಲ್ಲ, ಓಡೋಮೀಟರ್ ವೇಗದ ಅಂಕಿಗಿಂತ ಪ್ರಾಮಾಣಿಕ. ಆದರೆ ಟೈರ್ ಬದಲಾದರೆ ಅದೂ ತಪ್ಪುತ್ತದೆ. ಮೇಲಿನ 235/65 ಟೈರಿನಲ್ಲಿ ನಿಜಕ್ಕೂ ಲೀಟರಿಗೆ 22 ಓಡಿದರೂ ಪರದೆ 20.6 ಎನ್ನುತ್ತದೆ. ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಬಿತ್ತು ಎಂಬ ದೂರಿನಲ್ಲಿ ಒಂದು ಪಾಲು ಟೈರಿನ ತೂಕದ್ದು, ಇನ್ನೊಂದು ಪಾಲು ಈ ಎಣಿಕೆಯದ್ದು. ಪರೀಕ್ಷಿಸಲು ಟ್ರಿಪ್ ಮೀಟರ್ ಸೊನ್ನೆ ಮಾಡಿ, ಫೋನಿನ ಆ್ಯಪಿನಲ್ಲೂ ದೂರ ಸೊನ್ನೆ ಮಾಡಿ, 20 ಕಿಲೋಮೀಟರ್ ಓಡಿಸಿ. ಹಾಸನ–ಬೇಲೂರು ರಸ್ತೆಯ ಅರ್ಧ ದಾರಿ ಸಾಕು. ಅಂತರ 200 ಮೀಟರಿನೊಳಗೆ ಇದ್ದರೆ ಓಡೋಮೀಟರ್ ಚೆನ್ನಾಗಿದೆ.

ಕೊನೆಗೆ, ನಿಜಕ್ಕೂ ಕೆಟ್ಟುಹೋದಾಗ ಏನಾಗುತ್ತದೆ. ಮೀಟರ್ ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದು ಏಳುವುದು, ಎಬಿಎಸ್ ಮತ್ತು ಜಾರುವಿಕೆ ತಡೆಯುವ ದೀಪ ಒಟ್ಟಿಗೆ ಹತ್ತುವುದು, ಕ್ರೂಸ್ ಹಿಡಿಯದಿರುವುದು, ಇವು ಚಕ್ರದ ಸೆನ್ಸರಿನ ಲಕ್ಷಣ. ಟೊಯೋಟಾಗಳಲ್ಲಿ ಸ್ಕ್ಯಾನರ್ ಹಾಕಿದರೆ ಸಿ0200 ಮುಂದಿನ ಬಲ, ಸಿ0205 ಮುಂದಿನ ಎಡ, ಸಿ0210 ಹಿಂದಿನ ಬಲ, ಸಿ0215 ಹಿಂದಿನ ಎಡ. ಮೊದಲ ಅನುಮಾನ ಇಲಿಯ ಮೇಲೆ. ತೋಟದ ಮನೆಯ ಶೆಡ್ಡಿನಲ್ಲಿ ವಾರ ನಿಂತ ಕಾರಿನ ತೆಳು ತಂತಿ ಅದಕ್ಕೆ ಹಬ್ಬದೂಟ. ಚಕ್ರದ ಒಳಬದಿಗೆ ಹೋಗುವ ತಂತಿಯನ್ನು ಟಾರ್ಚ್ ಹಿಡಿದು ಪೂರ್ತಿ ನೋಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಮಾತ್ರ ಕೈ ಹಾಕಬೇಡಿ, ಅದು ಹೈಬ್ರಿಡ್ ಬ್ಯಾಟರಿಯದ್ದು, ನೂರಾರು ವೋಲ್ಟ್. ಎರಡನೆಯದು ಕೆಸರು. ಮಳೆಗಾಲದಲ್ಲಿ ಕೆಂಪು ಮಣ್ಣು, ಬ್ರೇಕಿನ ಕಬ್ಬಿಣದ ಪುಡಿ ಸೇರಿ ಸೆನ್ಸರಿನ ತುದಿಗೆ ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ. ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು.

ಮೂರನೆಯದು ಮನುಷ್ಯರ ಕೈಕೆಲಸ. ಪ್ರೆಸ್ಸಿನಲ್ಲಿ ಒತ್ತಿ ಕೂರಿಸುವ ಚಕ್ರದ ಬೇರಿಂಗ್ ಬದಲಾಯಿಸಿದ ಮರುದಿನವೇ ದೀಪ ಹತ್ತಿದರೆ ಬೇರಿಂಗ್ ತಿರುಗಾಮುರುಗಾ ಕೂತಿದೆ ಎಂದು ಬಹುತೇಕ ಖಚಿತ. ಎರಡು ಬದಿಯಲ್ಲಿ ಒಂದಕ್ಕೆ ಮಾತ್ರ ಕಾಂತದ ಪಟ್ಟಿ ಇರುತ್ತದೆ, ಅದು ಸೆನ್ಸರಿನ ಕಡೆಗೆ ಬರಬೇಕು. ಕಣ್ಣಿಗೆ ಎರಡೂ ಬದಿ ಒಂದೇ ಥರ ಕಪ್ಪು ರಬ್ಬರಿನಂತೆ ಕಾಣುತ್ತದೆ. ಕೂರಿಸುವ ಮೊದಲು ಸಣ್ಣ ಸ್ಟೇಪ್ಲರ್ ಪಿನ್ ಹಿಡಿದು ನೋಡಿದರೆ ಕಾಂತದ ಬದಿಗೆ ಮೆಲ್ಲಗೆ ಅಂಟುತ್ತದೆ. ತಪ್ಪಾಗಿ ಒತ್ತಿದ ಬೇರಿಂಗನ್ನು ಬಿಚ್ಚಿ ತಿರುಗಿಸಿ ಮತ್ತೆ ಹಾಕುವಂತಿಲ್ಲ, ಬಿಚ್ಚುವಾಗಲೇ ಅದರ ಒಳಗಿನ ಗೋಲಿ ಓಡುವ ದಾರಿ ಏಟು ತಿಂದಿರುತ್ತದೆ. ಹೊಸದೇ ಬೇಕು. ಮೆಕ್ಯಾನಿಕ್ ಪ್ರೆಸ್ಸಿನ ಕೆಳಗೆ ಇಡುವ ಮೊದಲು ಪಕ್ಕದಲ್ಲಿ ನಿಂತು ಆ ಪಿನ್ ಹಿಡಿಸುವುದು ಅಗ್ಗ.

ಅಳೆದು ಮುಗಿದ ಮೇಲೆ ಒಂದು ಚೀಟಿಯಲ್ಲಿ ನಿಜ 70ಕ್ಕೆ ಮೀಟರ್ ಎಷ್ಟು, ನಿಜ 100ಕ್ಕೆ ಎಷ್ಟು ಎಂಬ ಎರಡೇ ಅಂಕಿ ಬರೆದು ಬಿಸಿಲು ತಡೆಯುವ ಫಲಕದ ಹಿಂದೆ ಸಿಕ್ಕಿಸಿ. ಯಾವ ಟೈರ್, ಯಾವ ತಿಂಗಳು ಎಂದೂ ಬರೆದಿರಲಿ. ಹೊಸ ಟೈರ್ ಹಾಕಿಸಿದ ದಿನ ಆ ಚೀಟಿ ಹರಿದುಹಾಕಿ ಮತ್ತೊಮ್ಮೆ ಅಳೆಯಬೇಕು.